ಹೊಗೆ ಹೋಯಿತು, ಚಿಮಣಿ ಇದೆ

ಹೋದ ಭಾನುವಾರ 280 ರೂಪಾಯಿ ಕೊಟ್ಟು ಒಂದು ಲೋಟ ಫಿಲ್ಟರ್ ಕಾಫಿ ಕುಡಿದೆ. ಹಳೇ ಮಿಲ್ಲೊಂದರ ಜಾಗದಲ್ಲಿ ಎದ್ದ ಕೆಫೆ, ಹೆಸರು ಬೇಡ. ಗಾರೆ ಕಾಣದ ಇಟ್ಟಿಗೆ ಗೋಡೆ, ತಲೆ ಮೇಲೆ ಬೋಳು ಪೈಪು, ವೈರಿಗೆ ನೇತು ಹಾಕಿದ ಬಲ್ಬು. ಇದಕ್ಕೆ ‘ಇಂಡಸ್ಟ್ರಿಯಲ್ ಲುಕ್’ ಅಂತಾರೆ. ನಮ್ಮ ಬಾಡಿಗೆ ಮನೆಯಲ್ಲಿ ಹತ್ತು ವರ್ಷದಿಂದ ಇದೇ ಲುಕ್ಕಿದೆ. ಗಾರೆ ಹಾಕಿಸಿ ಸ್ವಾಮಿ ಅಂತ ಓನರ್‌ಗೆ ಗೋಗರೆದದ್ದೇ ಬಂತು. ಅದರ ಬದಲು ಸುಮ್ನೆ ನಾಲ್ಕು ಕುರ್ಚಿ ಹಾಕಿ ಬಿಲ್ ಬುಕ್ ಪ್ರಿಂಟ್ ಹಾಕಿಸಿದ್ದರೆ ಇಷ್ಟೊತ್ತಿಗೆ ಸ್ವಂತ ಮನೆ ಆಗಿರುತ್ತಿತ್ತು.

ಸರ್ವ್ ಮಾಡುವ ಹುಡುಗರಿಗೆ ಖಾಕಿ ಅಂಗಿ, ಎದೆ ಮೇಲೆ ಟೋಕನ್ ನಂಬರು. ಹಳೇ ಕಾರ್ಮಿಕರಿಗೆ ಗೌರವವಂತೆ. ನಮ್ಮ ಟೇಬಲ್ಲಿಗೆ ಬಂದದ್ದು 47ನೇ ನಂಬರ್. ರಾಯಚೂರು ಕಡೆಯ ಹುಡುಗ. ಡ್ಯೂಟಿ ಎಷ್ಟು ಗಂಟೆಯಪ್ಪ ಅಂದೆ. ‘ಹನ್ನೆರಡು ಸಾರ್’ ಅಂದ. ನಿಜವಾದ ಮಿಲ್ಲಿನಲ್ಲಿ ಎಂಟು ಗಂಟೆ ಪಾಳಿ ಇತ್ತು, ಒಂದು ಯೂನಿಯನ್ನೂ ಇತ್ತು. ಇಂಟೀರಿಯರ್ ಡಿಸೈನರ್‌ಗೆ ಇವೆರಡೇ ಹೇಗೋ ಮರೆತುಹೋಗಿವೆ.

ಬೆಂಗಳೂರು ಮಿಲ್ಲುಗಳ ಊರಾಗಿತ್ತು ಅಂದರೆ ಈಗಿನ ಹುಡುಗರು ಹಿಟ್ಟಿನ ಗಿರಣಿಯಾ ಅಂತ ಕೇಳುತ್ತಾರೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಬಂತು. ಪ್ರಜಾಪ್ರಭುತ್ವ ಅಂದರೆ ಇದೇ ಅಲ್ವಾ, ರಾಜ ಹೋಗಿ ಮಂತ್ರಿ ಬಂದ! 2014ರಲ್ಲಿ ಪಕ್ಕಕ್ಕೆ ಮೆಟ್ರೋ ಬಂದಾಗ ನಿಲ್ದಾಣಕ್ಕೂ ಮಂತ್ರಿಯ ಹೆಸರೇ. ಸಂಪಿಗೆ ರಸ್ತೆ ಬಾಲ ಹಿಡಿದುಕೊಂಡು ಹಿಂದೆ ನಿಂತಿತು. ಆಮೇಲೆ ತೆರಿಗೆ ಬಾಕಿಗೆ ಪಾಲಿಕೆಯವರು ಮಾಲಿಗೆ ಬೀಗ ಜಡಿದಿದ್ದು, ತೆಗೆದಿದ್ದು, ಮತ್ತೆ ಜಡಿದಿದ್ದು ನಿಮಗೆ ಗೊತ್ತೇ ಇದೆ. ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ ಈಗ ಒರಾಯನ್ ಮಾಲ್. ಕೆರೆ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು.

ಮಿನರ್ವ ಮಿಲ್ಸ್ ಕತೆ ಇನ್ನೂ ಮಜಾ. ದೇಶದ ಯಾವ ಮೂಲೆಯ ಲಾ ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳಿದರೂ ನಿದ್ದೆಗಣ್ಣಲ್ಲೇ ಆ ಹೆಸರು ಹೇಳುತ್ತಾನೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ್ದು ಆ ಕೇಸಿನಲ್ಲೇ. ಅದು ನಮ್ಮ ಬೆಂಗಳೂರಿನದೇ ಬಟ್ಟೆ ಮಿಲ್ಲು ಅಂದರೆ ಇಲ್ಲಿಯ ವಕೀಲರೇ ‘ಹೌದಾ ಸಾರ್?’ ಅಂತಾರೆ. ಸಂವಿಧಾನ ಉಳಿಸಿದ ಮಿಲ್ಲಿಗೆ ತನ್ನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕೆಫೆಯ ಮೆನುವಿನಲ್ಲಿ ಅದರ ಹೆಸರಿನ ಸ್ಯಾಂಡ್‌ವಿಚ್ ಕೂಡ ಇಲ್ಲ.

ಕೆಫೆಯ ಹಿಂದೆಯೇ ಅಪಾರ್ಟ್‌ಮೆಂಟು. ಅಲ್ಲಿ ಮಿಲ್ಲಿನ ಚಿಮಣಿಯೊಂದನ್ನು ಕೆಡವದೆ ಉಳಿಸಿದ್ದಾರೆ. ರಾತ್ರಿ ಅದಕ್ಕೆ ನೀಲಿ ಲೈಟು. ‘ಪರಂಪರೆಯ ನೆರಳಲ್ಲಿ ನೆಮ್ಮದಿಯ ಬದುಕು’ ಅಂತ ಜಾಹೀರಾತು. ಅದೇ ನೆಮ್ಮದಿಗಾಗಿ ಹೋದ ತಿಂಗಳು ಗೇಟಿನೆದುರಿನ ಗ್ಯಾರೇಜ್ ಎತ್ತಿಸಿದರು. ಸುತ್ತಿಗೆ ಸದ್ದು ಜಾಸ್ತಿ ಆಯಿತಂತೆ. ಸದ್ದು ಮಾಡದ ಪರಂಪರೆ ಬೇಕು. ಮನೆಗೆಲಸದವರಿಗೆ ಬೇರೆ ಲಿಫ್ಟು, ಅದು ಕೆಟ್ಟರೆ ಮೆಟ್ಟಿಲು. ನಾನು ತಮಾಷೆ ಮಾಡುತ್ತಿಲ್ಲ, ನೋಟಿಸ್ ಬೋರ್ಡಿನಲ್ಲೇ ಬರೆದಿದ್ದಾರೆ. ಇದನ್ನು ಓದಿ ನಗಬೇಕು ಅಂತ ಹೊರಟೆ, ಬರಲಿಲ್ಲ. ಇಟ್ಟಿಗೆಗೆ ಪಾಲಿಶ್, ಚಿಮಣಿಗೆ ಲೈಟು. ದುಡಿಯುವವನನ್ನು ಕಂಡರೆ ಮಾತ್ರ ಅಂದಿನಿಂದ ಇಂದಿನವರೆಗೂ ಅದೇ ಅಸಹ್ಯ.

ನಮ್ಮ ಬೀದಿಯ ತಾತ ಒಬ್ಬರು ಅದೇ ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವರು. ಬಾಗಿಲು ಮುಚ್ಚಿದಾಗ ಬರಬೇಕಿದ್ದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಚಿಮಣಿ ಇದೆಯಂತೆ, ನೋಡಬೇಕು ಅಂದರು. ಕಾಫಿ ಮುಗಿಸಿದ ಮೇಲೆ ಅವರನ್ನು ಕರೆದುಕೊಂಡು ಹೋದೆ.

ಗೇಟಿನಲ್ಲಿ ಸೆಕ್ಯೂರಿಟಿ ಹುಡುಗ ಫೋನ್ ತೆಗೆದ. ‘ಯಾವ ಫ್ಲಾಟು ಸಾರ್?’

‘ಫ್ಲಾಟಲ್ಲಪ್ಪ, ಡಿಪಾರ್ಟ್‌ಮೆಂಟು. ನೇಯ್ಗೆ’ ಅಂದರು ತಾತ.

ಹುಡುಗ ತಲೆ ಕೆರೆದುಕೊಂಡ. ಆ್ಯಪಿನಲ್ಲಿ ಇದ್ದದ್ದು ನಾಲ್ಕೇ: ಅತಿಥಿ, ಕ್ಯಾಬ್, ಮನೆಗೆಲಸ, ಡೆಲಿವರಿ. ಅತಿಥಿ ಅಂದರೆ ಒಳಗಿನಿಂದ ಯಾರಾದರೂ ಒಪ್ಪಬೇಕು. ಪಾಪ, ಒಳ್ಳೆಯ ಹುಡುಗ. ಅತ್ತ ಇತ್ತ ನೋಡಿ ‘ಡೆಲಿವರಿ’ ಒತ್ತಿದ.

‘ಹತ್ತು ನಿಮಿಷ ಅಜ್ಜ, ಬೇಗ ಬನ್ನಿ.’