ಆ ಮೀನು ನಟಿಸುತ್ತಿರಲಿಲ್ಲ

ಮುಂದಿನ ತಿಂಗಳು ನಮ್ಮ ಸಿನಿಮಾ ಬಳಗದವರು ಕೊರಿಯಾದ ನಿರ್ದೇಶಕ ಕಿಮ್ ಕಿ-ಡುಕ್‌ನ ‘ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಆ್ಯಂಡ್ ಸ್ಪ್ರಿಂಗ್’ ತೋರಿಸುತ್ತಾರಂತೆ. ಪ್ರದರ್ಶನಕ್ಕೆ ಮೊದಲು ಹತ್ತು ನಿಮಿಷ ಮಾತಾಡಬೇಕೆಂದು ನನ್ನನ್ನು ಕೇಳಿದ್ದಾರೆ. ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಹತ್ತು ನಿಮಿಷ ಯಾವ ಮೂಲೆಗೆ, ಒಂದು ಗಂಟೆ ಕೊಡಿ ಎನ್ನುತ್ತಿದ್ದೆ. ಈ ಸಲ ಹೂಂ ಎನ್ನುವುದಕ್ಕೇ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಪುರುಸೊತ್ತಿದ್ದವರು ಓದಿ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಮೈಸೂರಿನ ನಮ್ಮ ಮನೆಯಲ್ಲಿ, ಸ್ನೇಹಿತನೊಬ್ಬ ಕೊಟ್ಟ ಡಿವಿಡಿಯಲ್ಲಿ. ಅವರೆಕಾಯಿಯ ಕಾಲ. ಅಮ್ಮ ಮೊರ ಇಟ್ಟುಕೊಂಡು ನನ್ನ ಹಿಂದೆ ಕುಳಿತು ಅವರೆಕಾಳು ಹಿತಕುತ್ತಿದ್ದಳು. ಪರದೆಯ ಮೇಲೆ ಕೊಳದ ನಡುವೆ ತೇಲುವ ಪುಟ್ಟ ಗುಡಿ, ಮುದಿ ಭಿಕ್ಷು, ಅವನ ಜೊತೆ ಒಬ್ಬ ಹುಡುಗ. ಹುಡುಗ ಮೀನೊಂದನ್ನು ಹಿಡಿದು ಅದರ ಮೈಗೆ ದಾರದಿಂದ ಕಲ್ಲು ಕಟ್ಟಿ ನೀರಿಗೆ ಬಿಡುತ್ತಾನೆ. ಕಪ್ಪೆಗೂ ಹಾಗೇ ಮಾಡುತ್ತಾನೆ, ಹಾವಿಗೂ. ಒದ್ದಾಡುವುದನ್ನು ನೋಡಿ ನಗುತ್ತಾನೆ. ಅಮ್ಮನ ಕೈ ನಿಂತಿತು.

“ಆ ಮೀನಿಗೆ ನಿಜವಾಗಿಯೂ ಕಲ್ಲು ಕಟ್ಟಿದ್ದಾರೇನೋ?”

“ಸಿನಿಮಾ ಅಮ್ಮ, ಸುಮ್ಮನೆ ನೋಡು,” ಎಂದೆ. ನನಗೆ ಆಗ ಸಂಕೇತಗಳು ಕಾಣುತ್ತಿದ್ದವು. ಕರ್ಮ, ಋತುಚಕ್ರ, ಪೂರ್ವದ ದರ್ಶನ. ಇಂತಹ ಹೊತ್ತಿನಲ್ಲಿ ಮೀನಿನ ಯೋಗಕ್ಷೇಮ ವಿಚಾರಿಸುವವರು ನನ್ನ ಪಾಲಿಗೆ ರಸಭಂಗ ಮಾಡುವವರು.

ಕಿಮ್‌ನನ್ನು ಅರಿಯದವರಿಗಾಗಿ ನಾಲ್ಕು ಮಾತು. 1960ರಲ್ಲಿ ದಕ್ಷಿಣ ಕೊರಿಯಾದ ಬೋಂಗ್ಹ್ವಾದಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಸಿಯೋಲ್‌ನ ಕಾರ್ಖಾನೆಗಳಲ್ಲಿ ದುಡಿದು, ನೌಕಾಪಡೆಯ ಮರೀನ್ ದಳದಲ್ಲಿ ಇದ್ದು, ಪಾದ್ರಿಯಾಗುವ ಯೋಚನೆಯನ್ನೂ ಮಾಡಿ, ಕಡೆಗೆ ಫ್ರಾನ್ಸಿಗೆ ಹೋಗಿ ಬೀದಿಯಲ್ಲಿ ತಾನು ಬಿಡಿಸಿದ ವರ್ಣಚಿತ್ರಗಳನ್ನು ಮಾರಿದವನು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. 1996ರಲ್ಲಿ ‘ಕ್ರೊಕೊಡೈಲ್’ನಿಂದ ಶುರು ಮಾಡಿ, ಹೆಚ್ಚುಕಡಿಮೆ ವರ್ಷಕ್ಕೊಂದರಂತೆ, ಕಡಿಮೆ ದುಡ್ಡಿನಲ್ಲಿ, ಕೆಲವೇ ವಾರಗಳಲ್ಲಿ ಮುಗಿಸುತ್ತಾ ಹೋದ. 2004ರ ಒಂದೇ ವರ್ಷದಲ್ಲಿ ಬರ್ಲಿನ್, ವೆನಿಸ್ ಎರಡೂ ಚಿತ್ರೋತ್ಸವಗಳಲ್ಲಿ ಅತ್ಯುತ್ತಮ ನಿರ್ದೇಶಕನ ಪ್ರಶಸ್ತಿ ಪಡೆದ. 2012ರಲ್ಲಿ ‘ಪಿಯೆಟಾ’ಗೆ ವೆನಿಸ್‌ನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹ ಬಂತು, ವೇದಿಕೆಯ ಮೇಲೆ ನಿಂತು ‘ಆರಿರಾಂಗ್’ ಜನಪದ ಗೀತೆ ಹಾಡಿದ. (ಏಕವಚನಕ್ಕೆ ಕ್ಷಮೆಯಿರಲಿ. ಪ್ರೀತಿಯಿಂದ ಶುರುವಾದ ಏಕವಚನ ಇದು. ಈಗ ಬೇರೆ ಕಾರಣಕ್ಕೆ ಉಳಿದುಕೊಂಡಿದೆ.)

ಇಷ್ಟಾದರೂ ಅವನ ದೇಶದಲ್ಲಿ ಅವನ ಚಿತ್ರಗಳಿಗೆ ಜನ ಮುಗಿಬಿದ್ದಿದ್ದು ಕಡಿಮೆ. ಮುಗಿಬಿದ್ದವರು ಹೊರಗಿನವರು, ಅದರಲ್ಲೂ ಪಕ್ಕದ ಕೇರಳದವರು. 2013ರ ಡಿಸೆಂಬರಿನಲ್ಲಿ ತಿರುವನಂತಪುರದ ಚಿತ್ರೋತ್ಸವಕ್ಕೆ ಅವನು ಬಂದಾಗ ಸಿನಿಮಾ ತಾರೆಗೆ ಮುತ್ತಿಕೊಂಡಂತೆ ಜನ ಮುತ್ತಿಕೊಂಡಿದ್ದರು. ರಜೆ ಹಾಕಿ ರೈಲು ಹತ್ತಿ ಆ ಉತ್ಸವಕ್ಕೆ ಹೋಗುತ್ತಿದ್ದ ಬೆಂಗಳೂರು, ಮೈಸೂರಿನ ಗುಂಪುಗಳಲ್ಲಿ ನಾವೂ ಇದ್ದವರೇ. ಕಿಮ್‌ನ ಚಿತ್ರ ನೋಡಿ ಹೊಟ್ಟೆ ತೊಳೆಸಿದರೆ ಅದನ್ನು ಒಂದು ಪದಕದಂತೆ ಎದೆಗೆ ಚುಚ್ಚಿಕೊಂಡು ವಾಪಸಾಗುತ್ತಿದ್ದೆವು.

ಹೊಟ್ಟೆ ತೊಳೆಸುವುದಕ್ಕೆ ‘ದಿ ಐಲ್’ ಸಾಕು. 2000ದಲ್ಲಿ ವೆನಿಸ್‌ನಲ್ಲಿ ಅದು ಪ್ರದರ್ಶನವಾದಾಗ ಪ್ರೇಕ್ಷಕರು ಮೂರ್ಛೆ ಹೋದ ಸುದ್ದಿ ಲೋಕವೆಲ್ಲ ಸುತ್ತಿತು. ಒಂದು ಸರೋವರ, ಅದರ ಮೇಲೆ ಮೀನು ಹಿಡಿಯುವವರಿಗೆ ಬಾಡಿಗೆಗೆ ಕೊಡುವ ಬಣ್ಣಬಣ್ಣದ ತೇಲುವ ಗೂಡುಗಳು. ದೋಣಿಯಲ್ಲಿ ಊಟ, ಎರೆ, ಕೆಲವೊಮ್ಮೆ ತನ್ನ ಮೈಯನ್ನೂ ಮಾರುವ ಮಾತಿಲ್ಲದ ಹೆಂಗಸು. ಕೊಲೆ ಮಾಡಿ ಬಂದು ಅಲ್ಲಿ ಅಡಗಿರುವ ಗಂಡಸು. ಪೊಲೀಸರು ಬಂದಾಗ ಅವನು ಗಾಳದ ಕೊಕ್ಕೆಗಳನ್ನು ನುಂಗುತ್ತಾನೆ. ನುಂಗಲೂ ಆಗದ, ಉಗುಳಲೂ ಆಗದ ಸ್ಥಿತಿಗೆ ನಾವು ಬಿಸಿತುಪ್ಪ ಎನ್ನುತ್ತೇವೆ. ಕಿಮ್ ಅದನ್ನು ಗಾಳದಲ್ಲಿ ತೋರಿಸಿದ. ಆ ಕೊಕ್ಕೆಗಳು ಸಿನಿಮಾದ ಕಸುಬು. ನಟನ ಗಂಟಲಿಗೆ ಏನೂ ಆಗಿಲ್ಲ.

ಆದರೆ ಅದೇ ಚಿತ್ರದಲ್ಲಿ ಮೋಜಿಗೆ ಬಂದವನೊಬ್ಬ ಜೀವಂತ ಮೀನಿನ ಪಕ್ಕೆಯ ಮಾಂಸವನ್ನು ಕೊಯ್ದು ಹಸಿಯಾಗಿ ತಿಂದು, ಉಳಿದ ಮೀನನ್ನು ನೀರಿಗೆ ಬಿಡುತ್ತಾನೆ. ಅದು ಈಜುತ್ತದೆ. ಅರ್ಧ ಮೈಯಿಲ್ಲದ ಮೀನು ಈಜುತ್ತಾ ಹೋಗುವ ಆ ದೃಶ್ಯ ಕಿಮ್ ತೆಗೆದ ಅತ್ಯಂತ ಮರೆಯಲಾಗದ ದೃಶ್ಯಗಳಲ್ಲಿ ಒಂದು. ಅದು ಕಸುಬಲ್ಲ. ಆ ಮೀನು ನಟಿಸುತ್ತಿರಲಿಲ್ಲ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಕತ್ತರಿ ಹಾಕಿಸಿದ್ದು ಇಂತಹ ದೃಶ್ಯಗಳಿಗೇ. ಕೇಳಿದವರಿಗೆ ಕಿಮ್ ಕೊಟ್ಟ ಉತ್ತರದ ಸಾರ ಇಷ್ಟು: ಚಿತ್ರೀಕರಣದ ಮೀನುಗಳನ್ನೆಲ್ಲ ನಾವೇ ಬೇಯಿಸಿ ತಿಂದೆವು, ಪ್ರಾಣಿಗಳಿಗೆ ನಾನು ಕ್ರೌರ್ಯ ಮಾಡಿದ್ದೇನೆ, ಬದುಕಿರುವವರೆಗೂ ಆ ಪಾಪಪ್ರಜ್ಞೆ ನನ್ನನ್ನು ಬಿಡುವುದಿಲ್ಲ.

ಈ ಉತ್ತರ ಒಂದು ಕಾಲದಲ್ಲಿ ನನಗೆ ಬಹಳ ಪ್ರಾಮಾಣಿಕವಾಗಿ ಕೇಳಿಸಿತ್ತು. ಈಚೆಗೆ ಅದರೊಳಗಿನ ಜಾಣತನ ಕಾಣತೊಡಗಿದೆ. ಮೀನಿನ ಗಾಯ ಎರಡು ವಾಕ್ಯದಲ್ಲಿ ಅವನ ಸಂಕಟವಾಗಿಬಿಟ್ಟಿತು. ಹೀಗೊಮ್ಮೆ ಅನ್ನಿಸಿದ ಮೇಲೆ ಅವನ ಚಿತ್ರಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ಎಲ್ಲೆಲ್ಲೂ ಇದೇ ಲೆಕ್ಕಾಚಾರ. ಗಾಯ ಒಬ್ಬರದು, ಅದರ ಸಂಕಟಪಡುವ ಹಕ್ಕು ಇನ್ನೊಬ್ಬನದು, ಕ್ಯಾಮೆರಾ ಯಾವಾಗಲೂ ಆ ಇನ್ನೊಬ್ಬನ ಜೊತೆ.

‘ಸ್ಪ್ರಿಂಗ್, ಸಮ್ಮರ್...’ ಚಿತ್ರವನ್ನೇ ನೋಡಿ. ಅದು ಚಂದದ ಚಿತ್ರವಲ್ಲ ಎಂದು ಹೇಳುವಷ್ಟು ಕಲ್ಲುಹೃದಯ ನನಗಿಲ್ಲ. ಚೊಂಗ್ಸೊಂಗ್ ಸೀಮೆಯ ಜುಸಾಂಜಿ ಎಂಬ ಹಳೆಯ ಕೆರೆಯ ಮೇಲೆ ಚಿತ್ರಕ್ಕಾಗಿಯೇ ಕಟ್ಟಿದ ಆ ಗುಡಿ, ನೀರಿನಲ್ಲೇ ನಿಂತ ಮುದಿ ಮರಗಳು, ಗೋಡೆಯಿಲ್ಲದ ಕೋಣೆಗೆ ಇಟ್ಟ ಬಾಗಿಲು... ಬಾಗಿಲು ಇದೆ, ಗೋಡೆ ಇಲ್ಲ, ಆದರೂ ಎಲ್ಲರೂ ಬಾಗಿಲಿನಿಂದಲೇ ಹೋಗುತ್ತಾರೆ! ಮೀನಿಗೆ ಕಲ್ಲು ಕಟ್ಟಿದ ಹುಡುಗ ಬೆಳೆದು ಯುವಕನಾಗಿ, ಆ ಬಾಗಿಲನ್ನು ಬಿಟ್ಟು, ಗುಡಿಗೆ ಬಂದ ಹುಡುಗಿಯ ಹಾಸಿಗೆಗೆ ತೆವಳಿದ ರಾತ್ರಿ ಕಥೆ ತಿರುಗುತ್ತದೆ. ಇಷ್ಟು ಸರಳವಾದ, ಇಷ್ಟು ತೂಕದ ಕಲ್ಪನೆ ಎಷ್ಟು ನಿರ್ದೇಶಕರಿಗೆ ಹೊಳೆದೀತು?

ಶರತ್ಕಾಲದಲ್ಲಿ ಆ ಯುವಕ ಹೆಂಡತಿಯನ್ನು ಕೊಂದು ಗುಡಿಗೆ ಓಡಿಬರುತ್ತಾನೆ. ಆ ಹೆಂಡತಿ ಯಾರು? ತಿಂಡಿ ಸುತ್ತಿ ತಂದ ಪತ್ರಿಕೆಯ ಚೂರಿನಲ್ಲಿ ಅವಳೊಂದು ಸುದ್ದಿ. ಅಷ್ಟೇ ಅವಳ ಪಾತ್ರ. ಅವನಿಗೆ ಮಾತ್ರ ಗುರುವಿದ್ದಾನೆ. ಬೆಕ್ಕಿನ ಬಾಲವನ್ನು ಕುಂಚ ಮಾಡಿ ಗುರು ಹಲಗೆಯ ಮೇಲೆ ಬರೆದುಕೊಟ್ಟ ಪ್ರಜ್ಞಾಪಾರಮಿತಾ ಹೃದಯಸೂತ್ರ ಎಂಬ ಬೌದ್ಧ ಪಠ್ಯವನ್ನು, ಕೊಂದ ಚಾಕುವಿನಿಂದಲೇ ಕೊರೆಯುತ್ತಾ ಅವನು ತಣ್ಣಗಾಗುತ್ತಾನೆ. ಹಿಡಿಯಲು ಬಂದ ಪೊಲೀಸರೂ ಅಕ್ಷರಗಳಿಗೆ ಬಣ್ಣ ತುಂಬುತ್ತಾರೆ. ಚಳಿಗಾಲದಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಕೂಸನ್ನು ಗುಡಿಯಲ್ಲಿ ಬಿಟ್ಟು, ಕತ್ತಲಲ್ಲಿ ಓಡುವಾಗ, ಈಗ ಭಿಕ್ಷುವಾಗಿರುವ ಅವನೇ ಮಂಜುಗಡ್ಡೆಯಲ್ಲಿ ಕೊರೆದ ನೀರಿನ ಕುಳಿಗೆ ಬಿದ್ದು ಸಾಯುತ್ತಾಳೆ. ಅವಳ ಮುಖ ನಮಗೆ ಕಾಣಿಸುವುದಿಲ್ಲ. ಆಮೇಲೆ ಏನು? ಭಿಕ್ಷು ಬೀಸುವ ಕಲ್ಲೊಂದನ್ನು ಮೈಗೆ ಕಟ್ಟಿಕೊಂಡು, ವಿಗ್ರಹ ಹೊತ್ತು, ಬೆಟ್ಟ ಹತ್ತುತ್ತಾನೆ. ಹಿನ್ನೆಲೆಯಲ್ಲಿ ಎದೆ ಕಲಕುವ ಹಾಡು. ಆ ಭಿಕ್ಷುವಿನ ಪಾತ್ರ ಮಾಡಿದವನು ಸ್ವತಃ ಕಿಮ್. ನಾನು ಆ ದೃಶ್ಯಕ್ಕೆ ಅತ್ತಿದ್ದೇನೆ. ಒಂದಲ್ಲ, ಮೂರು ಸಲ. ಮೂರು ಸಲವೂ ಅತ್ತದ್ದು ಕಲ್ಲು ಎಳೆಯುವವನಿಗಾಗಿ.

ನಾವೆಲ್ಲ ಕೊಂಡಾಡಿದ ಅವನ ಮೌನದ ಕಥೆಯೂ ಇದೇ. ‘ತ್ರೀ-ಐರನ್’ನ ಹುಡುಗ ಮನೆಗಳ ಬಾಗಿಲಿಗೆ ಕರಪತ್ರ ಅಂಟಿಸಿ, ಯಾರೂ ಕೀಳದಿದ್ದರೆ ಮನೆ ಖಾಲಿಯಿದೆ ಎಂದು ತಿಳಿದು ಒಳಗೆ ಹೋಗಿ ಇರುತ್ತಾನೆ, ಬಾಡಿಗೆಯ ಬದಲು ಬಟ್ಟೆ ಒಗೆಯುತ್ತಾನೆ, ಕೆಟ್ಟ ಗಡಿಯಾರ ರಿಪೇರಿ ಮಾಡುತ್ತಾನೆ. ಇಡೀ ಚಿತ್ರದಲ್ಲಿ ಅವನಿಗೆ ಒಂದು ಮಾತಿಲ್ಲ. ನನಗೆ ಇವತ್ತಿಗೂ ಅಚ್ಚುಮೆಚ್ಚಿನ ಚಿತ್ರ ಅದು, ಸುಳ್ಳು ಏಕೆ ಹೇಳಲಿ. ಆದರೆ ಅವನ ಮೌನ ಅವನೇ ಆರಿಸಿಕೊಂಡದ್ದು. ಅವನಿಗೆ ಜೊತೆಯಾಗುವ ಹೆಂಗಸಿನ ಮೌನ ಗಂಡನ ಹೊಡೆತದಿಂದ ಬಂದದ್ದು. ‘ದಿ ಐಲ್’ನವಳು ಮಾತಾಡುವುದಿಲ್ಲ, ‘ದಿ ಬೋ’ ಚಿತ್ರದ ದೋಣಿಯ ಹುಡುಗಿಯೂ ಮಾತಾಡುವುದಿಲ್ಲ. ಇದೆಲ್ಲವನ್ನೂ ಒಂದೇ ಮೂಟೆಗೆ ಕಟ್ಟಿ ‘ಮೌನದ ಕಾವ್ಯ’ ಎಂದು ನಾನೊಂದು ಲೇಖನ ಬರೆದಿದ್ದೆ. ಕಾಲೇಜು ಹುಡುಗಿಯನ್ನು ಮೋಸದಿಂದ ವೇಶ್ಯಾವಾಟಿಕೆಗೆ ತಳ್ಳಿದವನನ್ನೇ ಅವಳು ಕಡೆಗೆ ಒಪ್ಪಿಕೊಳ್ಳುವ ‘ಬ್ಯಾಡ್ ಗೈ’ ಬಂದಾಗ ಕೊರಿಯಾದ ಸ್ತ್ರೀವಾದಿ ವಿಮರ್ಶಕರು ಕೆಂಡ ಕಾರಿದ್ದರು. ಅವರಿಗೆ ಕಿಮ್ ಅರ್ಥವಾಗಿಲ್ಲ ಎಂದುಕೊಂಡೆವು, ಸಾವಿರಾರು ಮೈಲಿ ದೂರದಲ್ಲಿ ಕುಳಿತು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಿದ್ದ ನಾವು.

ಅವನ ಎಲ್ಲ ಚಿತ್ರಗಳನ್ನೂ ಈ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಎಂಬುದೂ ನಿಜ. ‘ಅಡ್ರೆಸ್ ಅನ್‌ನೋನ್’ ನೋಡಿ. ಅಮೆರಿಕದ ಸೇನಾ ನೆಲೆಯ ಪಕ್ಕದ ಹಳ್ಳಿ. ಕಪ್ಪು ಸೈನಿಕನಿಂದ ಮಗನನ್ನು ಪಡೆದ ಕೊರಿಯಾದ ಹೆಂಗಸು ಹಳೆಯ ಬಸ್ಸಿನಲ್ಲಿ ಸಂಸಾರ ಮಾಡುತ್ತಾ ಅಮೆರಿಕಕ್ಕೆ ಕಾಗದ ಬರೆಯುತ್ತಲೇ ಇರುತ್ತಾಳೆ. ‘ವಿಳಾಸ ಪತ್ತೆಯಿಲ್ಲ’ ಎಂಬ ಮುದ್ರೆಯೊಂದಿಗೆ ಅವು ವಾಪಸಾಗುತ್ತಲೇ ಇರುತ್ತವೆ. ಮಗನಿಗೆ ನಾಯಿ ಕಡಿಯುವವನ ಬಳಿ ಕೆಲಸ. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಆ ಊರಿನಲ್ಲಿ ಮುಗಿದಿಲ್ಲ. ಇಲ್ಲಿ ಗಾಯವಾದವರೇ ಕಥೆಯ ನಡುವೆ ಇದ್ದಾರೆ. ‘ಪಿಯೆಟಾ’ದಲ್ಲೂ ಅಷ್ಟೇ. ಸಿಯೋಲ್‌ನ ಚೊಂಗ್ಯೆಚೊನ್ ಸುತ್ತಲಿನ ಇಕ್ಕಟ್ಟಿನ ವರ್ಕ್‌ಶಾಪುಗಳಲ್ಲಿ ಹುಡುಗನಾಗಿದ್ದಾಗ ತಾನೇ ದುಡಿದಿದ್ದ ಕಿಮ್‌ಗೆ ಆ ಲೇತು, ಆ ಗ್ರೀಸು, ಆ ಸಾಲ ಎಲ್ಲವೂ ಗೊತ್ತು. ಸಾಲ ತೀರಿಸಲಾಗದ ಕೆಲಸಗಾರರ ಕೈಕಾಲನ್ನು ಅವರದೇ ಯಂತ್ರಕ್ಕೆ ಕೊಟ್ಟು ವಿಮೆಯ ಹಣ ವಸೂಲಿ ಮಾಡುವವನೆದುರು ಒಬ್ಬ ತಾಯಿ ಬಂದು ನಿಲ್ಲುತ್ತಾಳೆ. ಯಾರ ತಾಯಿ ಎಂದು ಹೇಳಿದರೆ ನೋಡದವರಿಗೆ ಅನ್ಯಾಯ. ಸಂಕಟಪಡುವ ಹಕ್ಕನ್ನು ಅವಳು ಯಾರಿಗೂ ಬಿಟ್ಟುಕೊಡುವುದಿಲ್ಲ.

2008ರ ‘ಡ್ರೀಮ್’ ಚಿತ್ರೀಕರಣದಲ್ಲಿ ನೇಣಿನ ದೃಶ್ಯವೊಂದು ಕೈಮೀರಿ ನಾಯಕಿಯ ಜೀವವೇ ಹೋಗುವುದರಲ್ಲಿತ್ತು. ಕಿಮ್ ಏಣಿ ಹತ್ತಿ ಬಿಡಿಸಿದ. ಆಮೇಲೆ ಮೂರು ವರ್ಷ ಚಿತ್ರ ಮಾಡದೆ ಗುಡ್ಡದ ಗುಡಿಸಲೊಂದರಲ್ಲಿ, ಒಳಗೆ ಟೆಂಟ್ ಹಾಕಿಕೊಂಡು, ಬೆಕ್ಕಿನ ಜೊತೆ ಒಬ್ಬನೇ ಇದ್ದ. ತನ್ನನ್ನು ತಾನೇ ಚಿತ್ರಿಸಿಕೊಂಡು ‘ಆರಿರಾಂಗ್’ ಮಾಡಿದ. 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೂ ಒಂದು ಪ್ರಶಸ್ತಿ ಬಂತು. ಅದರಲ್ಲೊಂದು ದೃಶ್ಯ: ಕಿಮ್ ತನ್ನದೇ ಹಳೆಯ ಚಿತ್ರದಲ್ಲಿ ಕಲ್ಲು ಎಳೆಯುತ್ತಾ ಬೆಟ್ಟ ಹತ್ತುವ ತನ್ನನ್ನು ನೋಡಿಕೊಂಡು ಬಿಕ್ಕಿಬಿಕ್ಕಿ ಅಳುತ್ತಾನೆ. ಹಗ್ಗದಲ್ಲಿ ನೇತಾಡಿದ್ದು ಒಬ್ಬ ನಟಿ, ಸಿನಿಮಾ ಆದದ್ದು ಅವನ ಕಣ್ಣೀರು.

ಮಾತೇ ಇಲ್ಲದ ‘ಮೋಬಿಯಸ್’ ಬಂದದ್ದು 2013ರಲ್ಲಿ. ಅದರಲ್ಲಿ ಮೊದಲು ನಟಿಸಬೇಕಾಗಿದ್ದ ನಟಿಯೊಬ್ಬರು, ಚಿತ್ರೀಕರಣದಲ್ಲಿ ಕಿಮ್ ತನ್ನ ಕೆನ್ನೆಗೆ ಹೊಡೆದ, ಚಿತ್ರಕಥೆಯಲ್ಲಿ ಇಲ್ಲದ ನಗ್ನ ದೃಶ್ಯಕ್ಕೆ ಬಲವಂತ ಮಾಡಿದ ಎಂದು 2017ರಲ್ಲಿ ದೂರು ಕೊಟ್ಟರು. ಹೊಡೆದದ್ದು ನಟನೆ ಹೇಗಿರಬೇಕೆಂದು ತೋರಿಸುವುದಕ್ಕೆ ಎಂಬುದು ಕಿಮ್‌ನ ಸಮಜಾಯಿಷಿ. ಹಲ್ಲೆಗೆ 50 ಲಕ್ಷ ವೊನ್ ದಂಡ ಬಿತ್ತು. ಉಳಿದ ಆರೋಪಗಳನ್ನು ಸಾಕ್ಷ್ಯವಿಲ್ಲವೆಂದು ಪ್ರಾಸಿಕ್ಯೂಟರ್‌ಗಳು ಕೈಬಿಟ್ಟರು. 2018ರ ಮಾರ್ಚಿನಲ್ಲಿ ಎಂಬಿಸಿ ವಾಹಿನಿಯ ತನಿಖಾ ಕಾರ್ಯಕ್ರಮದಲ್ಲಿ ಮೂವರು ನಟಿಯರು ಇದಕ್ಕಿಂತ ಘೋರವಾದ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಮಾಡಿದರು. ಕಿಮ್ ಆರೋಪಗಳನ್ನು ಅಲ್ಲಗಳೆದ. ದೂರುದಾರೆಯ ಮೇಲೆ, ವಾಹಿನಿಯ ಮೇಲೆ ನೂರು ಕೋಟಿ ವೊನ್ ಪರಿಹಾರಕ್ಕೆ ದಾವೆ ಹೂಡಿದ. 2020ರ ಅಕ್ಟೋಬರಿನಲ್ಲಿ ಸೋತ. ಅದೇ ಡಿಸೆಂಬರಿನಲ್ಲಿ, ಅರವತ್ತು ತುಂಬಲು ಕೆಲವೇ ದಿನಗಳಿರುವಾಗ, ಲಾಟ್ವಿಯಾದಲ್ಲಿ ಕೋವಿಡ್‌ನಿಂದ ಸತ್ತ. ಲೈಂಗಿಕ ಅಪರಾಧದಲ್ಲಿ ಯಾವ ನ್ಯಾಯಾಲಯವೂ ಅವನನ್ನು ತಪ್ಪಿತಸ್ಥ ಎಂದಿಲ್ಲ, ಅದನ್ನು ಹೇಳಲೇಬೇಕು. ಆದರೆ ಚಿತ್ರೀಕರಣದ ಜಾಗದಲ್ಲಿ ಬಿದ್ದ ಆ ಏಟಿನ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅರ್ಧ ಮೈಯ ಮೀನು.

ಕಿಮ್ ಸತ್ತ ದಿನ ಕೊರಿಯಾದ ಚಿತ್ರರಂಗದ ಬಹುಪಾಲು ಜನ ಬಾಯಿ ಬಿಡಲಿಲ್ಲ. ಕೊರಿಯಾದ ಚಿತ್ರಗಳ ಸಬ್‌ಟೈಟಲ್‌ಗಳಿಗೆ ಹೆಸರಾದ ಡಾರ್ಸಿ ಪಾಕೆಟ್, 2018ರ ಆ ಕಾರ್ಯಕ್ರಮದ ನಂತರ ಕಿಮ್‌ನ ಚಿತ್ರಗಳನ್ನು ತನ್ನ ತರಗತಿಯಲ್ಲಿ ಕಲಿಸುವುದನ್ನೇ ನಿಲ್ಲಿಸಿದೆ ಎಂದು ಬರೆದರು. ನಮ್ಮ ಕಡೆ ಮಾತ್ರ ಅಂದು ಸಂಜೆಯವರೆಗೆ ಫೇಸ್‌ಬುಕ್ ತುಂಬ ಆ ತೇಲುವ ಗುಡಿಯ ಚಿತ್ರವೇ. ನಾನೂ ಹಾಕಿದ್ದೆ. ಕೆಳಗೆ ಪರಿಚಿತರೊಬ್ಬರು “ಆ ನಟಿಯರ ವಿಷಯ?” ಎಂದು ಕೇಳಿದ್ದರು. ಕಲೆಯನ್ನೂ ಕಲಾವಿದನನ್ನೂ ಬೇರೆಬೇರೆ ನೋಡಬೇಕು ಎಂದು ಉತ್ತರ ಕೊಟ್ಟಿದ್ದೆ. ನಾವೆಲ್ಲ ಕಿಸೆಯಲ್ಲಿ ಇಟ್ಟುಕೊಂಡು ತಿರುಗುವ ಸಿದ್ಧ ಉತ್ತರ. ಬೇರೆ ಯಾರಿಗಾದರೂ ಹೊಂದೀತು. ತನ್ನ ನಟಿಯ ಕುತ್ತಿಗೆಯ ಹಗ್ಗವನ್ನು, ತನ್ನ ಕಣ್ಣೀರನ್ನು, ಕೊನೆಗೆ ತನ್ನ ಬೆಕ್ಕನ್ನೂ ಸಿನಿಮಾ ಮಾಡಿಕೊಂಡವನಿಗೆ ಹೊಂದುವುದಿಲ್ಲ. ಬೇರೆ ಮಾಡಲು ಅವನೇ ಗೆರೆ ಉಳಿಸಿರಲಿಲ್ಲ.

ಹಾಗಾದರೆ ಏಕೆ ತೋರಿಸಬೇಕು ಎಂದು ಬಳಗದಲ್ಲೇ ಒಬ್ಬರು ಕೇಳಿದರು. ತೋರಿಸಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಚಿತ್ರ ನನ್ನ ಕಣ್ಣನ್ನು ತಿದ್ದಿದೆ, ಅದರ ಋಣ ಇದೆ. ತಪ್ಪಾಗಿಯೂ ತಿದ್ದಿದೆ, ಅದರ ಲೆಕ್ಕವೂ ಇದೆ. ಹತ್ತು ನಿಮಿಷದಲ್ಲಿ ದರ್ಶನದ ಮಾತು ಆಡುವುದಿಲ್ಲ. ಪತ್ರಿಕೆಯ ಚೂರಿನಲ್ಲಿರುವ ಹೆಂಡತಿಯನ್ನೂ ಮುಖವಿಲ್ಲದ ಆ ಹೆಂಗಸನ್ನೂ ಗಮನಿಸಿ ಎನ್ನುತ್ತೇನೆ. ಮೇಲೆ ಬರೆದ ಇಸವಿಗಳನ್ನೂ ದಂಡದ ಮೊತ್ತವನ್ನೂ ಓದಿ ಹೇಳುತ್ತೇನೆ. ಆಮೇಲೆ ದೀಪ ಆರಿಸಲಿ.

ಅಂದು ಅಮ್ಮ ಎದ್ದು ಹೋಗಲಿಲ್ಲ. ಅವರೆಕಾಳು ಮುಗಿದ ಮೇಲೂ ಮೊರ ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದಳು. ಬೆಟ್ಟ ಹತ್ತುವ ದೃಶ್ಯಕ್ಕೆ ನಾನು ಕಣ್ಣೊರೆಸಿಕೊಳ್ಳುವಾಗ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಕಡೆಗೆ ಮತ್ತೆ ವಸಂತ ಬಂತು. ಆ ಹೆಂಗಸು ಬಿಟ್ಟುಹೋದ ಕೂಸು ಬೆಳೆದು ಹುಡುಗನಾಗಿ, ಗುಡಿಯ ಜಗಲಿಯ ಮೇಲೆ ಆಮೆಯೊಂದನ್ನು ಹಿಡಿದು ಗೋಳು ಹೊಯ್ದುಕೊಳ್ಳುತ್ತಿದ್ದ. ಅಮ್ಮ ಮೊರ ಎತ್ತಿಕೊಂಡು ಎದ್ದಳು.

“ನೋಡು, ಇವನೂ ಶುರು ಮಾಡಿದ,” ಎಂದು ಹೇಳಿ ಅಡುಗೆಮನೆಗೆ ಹೋದಳು.