ಗೋಕರ್ಣಕ್ಕೆ ಬರುವವರೇ, ಒಂದು ದಿನಕ್ಕೆ ಒಂದು ಹೊಳೆ ಸಾಕು

ಮಿರ್ಜಾನ್ ಕೋಟೆಯಿಂದ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೋಕರ್ಣದಿಂದ ಬಂದ ಟೆಂಪೋ ಟ್ರಾವೆಲರ್ ಒಂದು ಕೋಟೆ ಎದುರು ನಿಂತಿತು. ಇಳಿಯುವ ಮೊದಲೇ ಡ್ರೈವರ್ ಕೂಗಿ ಹೇಳಿದ: "ಇಪ್ಪತ್ತು ನಿಮಿಷ, ಫೋಟೋ ತೆಗೆದುಕೊಂಡು ಬನ್ನಿ, ಇನ್ನೂ ನಾಲ್ಕು ಪಾಯಿಂಟ್ ಇದೆ." ಯಾಣ, ವಿಭೂತಿ ಜಲಪಾತ ಬೆಳಿಗ್ಗೆಯೇ ಮುಗಿದಿತ್ತಂತೆ. ಮುಂದೆ ಹೊನ್ನಾವರದ ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು), ಅಪ್ಸರಕೊಂಡ, ಮುರುಡೇಶ್ವರ, ಆಮೇಲೆ ವಾಪಸ್ ಬಂದು ಓಂ ಬೀಚ್. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ತಂಗಿ, ಇಲ್ಲೆ ಬಂದರ ಇತ್ತಂತಲ್ಲ, ಹೊಳಿ ಎಲ್ಲೈತಿ?" ಎಂದು ಕೇಳಿದರು. ತೋರಿಸಲು ಕೈ ಎತ್ತುವಷ್ಟರಲ್ಲಿ ಹಾರ್ನ್ ಹೊಡೆಯಿತು. ಪಾಪ, ಅವರು ಹೋಗಿಬಿಟ್ಟರು.

ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಅವರಿಗೇ ಉತ್ತರ ಸಿಗಲಿಲ್ಲ.

ನಾನು ಕುಮಟೆಯವಳು, ಅಘನಾಶಿನಿ ಹೊಳೆಯ ವಿಷಯ ಬಂದರೆ ನನ್ನ ಮಾತು ನಿಲ್ಲುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಆದರೂ ಹೇಳುತ್ತೇನೆ. ಮಿರ್ಜಾನ್ ಕೋಟೆ ಇರುವುದೇ ಈ ಹೊಳೆಯ ದೆಸೆಯಿಂದ. ಘಟ್ಟದ ಕರಿಮೆಣಸು ಇಳಿದು ಬಂದು ಹಡಗು ಹತ್ತುತ್ತಿದ್ದುದು ಹೊಳೆ ಸಮುದ್ರ ಸೇರುವ ಇಂಥ ಅಳಿವೆಗಳಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಈ ಸೀಮೆಯನ್ನು ಆಳಿದವಳು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಹೊಳೆಯನ್ನು ಬಿಟ್ಟು ಕೋಟೆಯನ್ನಷ್ಟೇ ನೋಡಿದರೆ ಉಳಿಯುವುದು ಕೆಂಪು ಕಲ್ಲಿನ ಗೋಡೆ, ಪಾಚಿ ಮತ್ತು ಸೆಲ್ಫಿ.

ಇದೇ ನನ್ನ ತಕರಾರು. ಗೋಕರ್ಣದಲ್ಲಿ ಉಳಿದುಕೊಂಡು ಒಂದು ದಿನ ಸುತ್ತಬೇಕು ಅನ್ನುವವರಿಗೆ ಹೆದ್ದಾರಿಯನ್ನು ಮಾರುತ್ತಿದ್ದಾರೆ. ಮುರುಡೇಶ್ವರಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 160 ಕಿಲೋಮೀಟರ್. ಅಷ್ಟು ದೂರ ಕೂತು ಹೋಗಿ, 123 ಅಡಿಯ ಶಿವನ ಮುಂದೆ ಅರ್ಧ ಗಂಟೆ ನಿಂತು, ಮತ್ತೆ ಅಷ್ಟೇ ದೂರ ಕೂತು ಬರುವುದು! ಮುರುಡೇಶ್ವರಕ್ಕೆ ತನ್ನದೇ ರೈಲು ನಿಲ್ದಾಣ ಇದೆ ಮಾರಾಯ್ರೆ. ಅದನ್ನು ನೋಡಬೇಕಿದ್ದರೆ ಅಲ್ಲೇ ಇಳಿದು, ಅಲ್ಲೇ ಒಂದು ರಾತ್ರಿ ಇರಿ.

"ಬೆಂಗಳೂರಿನವರಿಗೆ ಇರುವುದೇ ಎರಡು ದಿನ ರಜೆ, ವಯಸ್ಸಾದ ಅಪ್ಪ ಅಮ್ಮನಿಗೆ ಎಲ್ಲ ತೋರಿಸಬೇಕು ಅಂತ ಆಸೆ ಇರುತ್ತೆ" ಎಂದು ನನ್ನ ತಮ್ಮನೇ ವಾದ ಮಾಡುತ್ತಾನೆ. ಆಸೆ ತಪ್ಪಲ್ಲ. ಆದರೆ ರಜೆ ಕಡಿಮೆ ಇದೆ ಎಂದಾದರೆ ಅದನ್ನು ಬಂಡಿಯ ಸೀಟಿನ ಮೇಲೆ ಕಳೆಯುವುದು ಯಾವ ನ್ಯಾಯ? ಆ ಟೆಂಪೋದಲ್ಲಿದ್ದ ಅಜ್ಜಿಯರಿಬ್ಬರು ಮಂಡಿ ನೋವು ಅಂತ ಕೆಳಗೇ ಇಳಿಯಲಿಲ್ಲ. ಅವರಿಗೆ ಯಾರು ಏನು ತೋರಿಸಿದಂತಾಯಿತು?

ಅದರ ಬದಲು ಗೋಕರ್ಣದ ಬಗಲಲ್ಲೇ ಇರುವ ಸಾಣಿಕಟ್ಟೆಗೆ ಹೋಗಿ. ಉಪ್ಪಿನ ಆಗರಗಳಿವೆ. ಸಮುದ್ರದ ನೀರನ್ನು ಪಾತಿಗಳಲ್ಲಿ ಕಟ್ಟಿ, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ್ದನ್ನು ಬಳಿದು ರಾಶಿ ಹಾಕುವ ಕೆಲಸ ಬೇಸಿಗೆಯಲ್ಲಿ ಕಣ್ಣೆದುರೇ ನಡೆಯುತ್ತದೆ. ಇದೇ ಕರಾವಳಿಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಜನ ಉಪ್ಪಿನ ಕಾನೂನು ಮುರಿದರು. ಆ ಸುದ್ದಿಯನ್ನು ಮಕ್ಕಳಿಗೆ ಆಗರದ ಬದುವಿನ ಮೇಲೆ ನಿಂತು ಹೇಳಿ ನೋಡಿ.

ಅಲ್ಲಿಂದ ತದಡಿ. ಮೀನಿನ ಬಂದರು. ತಾರಿ ದೋಣಿ ಹತ್ತಿ ಹೊಳೆ ದಾಟಿದರೆ ಆಚೆ ದಡದಲ್ಲಿ ಅಘನಾಶಿನಿ ಎಂಬ ಊರೇ ಇದೆ. ಇಳಿತದ ಹೊತ್ತಿಗೆ ಹೋದರೆ ಸೊಂಟದ ತನಕ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪು) ಹೆಕ್ಕುವವರು ಕಾಣುತ್ತಾರೆ. ಎಷ್ಟೋ ಮನೆಯ ಅಡುಗೆ, ಎಷ್ಟೋ ಮನೆಯ ಸಂಪಾದನೆ ಆ ಕೆಸರಿನಲ್ಲಿದೆ. ಮಳೆಗಾಲದಲ್ಲಾದರೆ ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಕಗ್ಗ ನಿಂತಿರುತ್ತದೆ. ಉಪ್ಪುನೀರು ನುಗ್ಗಿದರೂ, ನೆರೆ ಬಂದು ಮುಳುಗಿದರೂ ಸಾಯದ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಕೊಳೆತ ಹುಲ್ಲೇ ಸಿಗಡಿಗೆ ಮೇವು. ಇಂಥ ಬೇಸಾಯವನ್ನು ಇನ್ನೆಲ್ಲಿ ನೋಡುತ್ತೀರಿ?

ಶಿರಸಿಯ ಕಡೆ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ ಇದು. ಹಾಗೆ ಉಳಿದದ್ದು ತನ್ನಷ್ಟಕ್ಕೆ ತಾನೇ ಅಲ್ಲ. ತದಡಿಯಲ್ಲಿ 4000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದಾಗ ಇಲ್ಲಿನ ಜನ ಎದ್ದು ನಿಂತರು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ದಿನ ನಾನು ಅತ್ತಿದ್ದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಷ್ಟೆಲ್ಲ ಇರುವ ಜಾಗವನ್ನು ಆ ಬಂಡಿ ಸೇತುವೆ ಮೇಲಿಂದ ಎರಡು ನಿಮಿಷದಲ್ಲಿ ದಾಟಿ ಹೋಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಯಾಣದ ಬಗ್ಗೆಯೂ ಒಂದು ಮಾತು. "ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ" ಎಂಬ ಗಾದೆ ನಮ್ಮ ಕಡೆಯದು. ಕಾಡು ದಾಟಿ ಹೋಗುವ ತಾಕತ್ತು ಬೇಕಿದ್ದ ಕಾಲದ ಮಾತು. ಈಗ ರಸ್ತೆ ಆಗಿದೆ, ಒಳ್ಳೆಯದೇ. ಆದರೆ 120 ಮೀಟರಿನ ಆ ಕಪ್ಪು ಭೈರವೇಶ್ವರ ಶಿಖರದ ಬುಡಕ್ಕೆ ಹೋದ ಮೇಲೂ ಗಡಿಯಾರ ನೋಡಬೇಕೇ? ಅದಕ್ಕೆ ಬೇರೆಯೇ ಒಂದು ದಿನ ಇಡಿ, ವಿಭೂತಿಯನ್ನೂ ಜೊತೆಗೆ ಸೇರಿಸಿಕೊಳ್ಳಿ.

ಇಷ್ಟು ಬರೆದ ಮೇಲೆ ಒಂದು ಹೆದರಿಕೆಯೂ ಇದೆ. ನಾಳೆ ಅದೇ ಟೆಂಪೋದವರು ಸಾಣಿಕಟ್ಟೆಯನ್ನು ಎಂಟನೇ ಪಾಯಿಂಟ್ ಮಾಡಿ, ಆಗರದ ತುಂಬ ನೀರಿನ ಬಾಟಲಿ ಬಿಸಾಡಿ ಹೋದರೆ? ದಯವಿಟ್ಟು ಹಾಗೆ ಬರಬೇಡಿ. ಆಗರಕ್ಕೆ ಇಳಿಯುವ ಮೊದಲು ಕೆಲಸದವರನ್ನು ಕೇಳಿ. ಬಳಚು ಹೆಕ್ಕುವ ಹೆಂಗಸರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಮಾತಾಡಿಸಿ.

ಇನ್ನು ಇನ್‌ಬಾಕ್ಸಿಗೆ ಬಂದು "ಮೇಡಂ, ಪಾಯಿಂಟ್ ಲಿಸ್ಟ್ ಕಳಿಸಿ" ಅನ್ನಬೇಡಿ, ಕಳಿಸುವುದಿಲ್ಲ. ಯಾವ ತಿಂಗಳು ಬರುತ್ತೀರಿ ಅಂತ ಹೇಳಿ. ಮಾರ್ಚ್ ಆದರೆ ಉಪ್ಪಿನ ಕಡೆ ದಾರಿ ಹೇಳುತ್ತೇನೆ, ಸೆಪ್ಟೆಂಬರ್ ಆದರೆ ಕಗ್ಗದ ಗದ್ದೆ ಕಡೆ. ಆ ಹುಬ್ಬಳ್ಳಿಯ ಹಿರಿಯರ ಗುರುತು ಯಾರಿಗಾದರೂ ಇದ್ದರೆ ಈ ಬರಹ ಅವರಿಗೆ ಮುಟ್ಟಿಸಿ.