ಒಂಟಿಕೊಪ್ಪಲಿಗೆ ಎಷ್ಟು ಹೆಸರು ಸ್ವಾಮಿ?

ಮೊನ್ನೆ ಕೊರಿಯರ್ ಹುಡುಗ ಫೋನ್ ಮಾಡಿದ. "ಸಾರ್, ವಿ.ವಿ. ಮೊಹಲ್ಲಾ ಅಂತ ಬರ್ದಿದೆ, ಎಲ್ ಬರ್ತದೆ ಇದು?" ಕಾಳಿದಾಸ ರಸ್ತೆ ಹತ್ತಿರ ಅಂದೆ. ಉಹೂಂ. ಮಾತೃಮಂಡಳಿ ಸರ್ಕಲ್ ಅಂದೆ. "ಓ, ಒಂಟಿಕೊಪ್ಪಲಾ? ಮೊದ್ಲೇ ಹೇಳ್ಬಾರ್ದಾ ಸಾರ್!" ಅಂತ ನನಗೇ ರೇಗಿ, ಐದೇ ನಿಮಿಷದಲ್ಲಿ ಬಂದ.

ಅವನದೇನೂ ತಪ್ಪಿಲ್ಲ ಬಿಡಿ. ಕಾಗದದ ಮೇಲೆ ನಾವು ಮೈಸೂರಿನ ವಾಣಿವಿಲಾಸ ಮೊಹಲ್ಲಾ, ಜನರ ಬಾಯಲ್ಲಿ ಒಂಟಿಕೊಪ್ಪಲು. ಮುಂದೆ ಮಹಾರಾಣಿಯ ಹೆಸರು, ಹಿಂದೆ ಒಂದು ಉರ್ದು ಬಾಲ, ಕೆಳಗೆ ಸದ್ದಿಲ್ಲದೆ ಮಲಗಿರುವ ಕೊಪ್ಪಲು. ಕೊಪ್ಪಲು ಅಂದರೆ ನಾಲ್ಕಾರು ಮನೆಯ ಪುಟ್ಟ ಊರು. ಅದೂ ಒಂಟಿ! ಈಗ ಸಂಜೆ ಹೊತ್ತು ಕಾಳಿದಾಸ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸೋಕೆ ಜಾಗ ಹುಡುಕಿ ನೋಡಿ, ಒಂಟಿತನ ಗೊತ್ತಾಗುತ್ತೆ.

ಮೈಸೂರಿಗೆ ಪ್ಲೇಗು ಬಂದುಹೋದ ಮೇಲೆ, 1903ರಲ್ಲಿ, ಊರು ಸುಧಾರಿಸೋಕೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಮಾಡಿದರು. ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆ, ಮನೆ ಹಿಂದೆ ಕಸ, ಹೊಲಸು ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ. ಆಗಿನವರು ರಸ್ತೆ ಮಾಡಿ ಹೆಸರಿಟ್ಟರು. ಈಗಿನವರು ರಸ್ತೆಗೆ ಕೈ ಹಾಕುವುದಿಲ್ಲ, ಹೆಸರು ಮಾತ್ರ ಇಡುತ್ತಾರೆ. ಗುಂಡಿ ಹಾಗೇ ಇರುತ್ತೆ, ಪಕ್ಕದಲ್ಲಿ ಗ್ರಾನೈಟ್ ಫಲಕ ಏಳುತ್ತೆ. ಅದರಲ್ಲಿ ರಸ್ತೆಯ ಹೆಸರು ಒಂದು ಸಾಲು, ಉದ್ಘಾಟಿಸಿದವರ ಹೆಸರು ಹನ್ನೆರಡು ಸಾಲು.

ಪಕ್ಕದ ಪಡುವಾರಹಳ್ಳಿ ಕತೆಯೂ ಇದೇ. ಹಳ್ಳಿ ಅಂದರೆ ಮರ್ಯಾದೆ ಕಮ್ಮಿ ಅನಿಸಿತೋ ಏನೋ, ವಿನಾಯಕನಗರ ಆಯಿತು. ಆಟೋದವರ ಹತ್ತಿರ ವಿನಾಯಕನಗರ ಅಂದು ನೋಡಿ. ಒಂದು ಕ್ಷಣ ಯೋಚಿಸಿ, "ಪಡುವಾರಹಳ್ಳಿನಾ?" ಅಂತಾರೆ. ಅಷ್ಟೇ ಯಾಕೆ, ಇಡೀ ಮೈಸೂರಿನ ಹೆಸರೇ 2014ರಲ್ಲಿ ಬದಲಾಯಿತಲ್ಲ! ಕನ್ನಡದಲ್ಲಿ ಅದು ಮೊದಲೂ ಮೈಸೂರು, ಆಮೇಲೂ ಮೈಸೂರು. ಹಬ್ಬ ಆಗಿದ್ದು Mysore ಅಳಿಸಿ Mysuru ಅಂತ ಇಂಗ್ಲಿಷ್ ಬೋರ್ಡು ಬರೆಯೋರಿಗೆ.

ಕುವೆಂಪು ಇಲ್ಲೇ ಮನೆ ಕಟ್ಟಿ 'ಉದಯರವಿ' ಅಂತ ಹೆಸರಿಟ್ಟರು. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಶುರುಮಾಡಿದರು, ಅದು 'ಆಕಾಶವಾಣಿ' ಆಯಿತು. ಅಂಥ ಹೆಸರು ಹುಟ್ಟಿದ ಕಡೆ ಈಗ ಹಳೇ ಹೆಂಚಿನ ಮನೆ ಕೆಡವಿ ಏಳುವ ಅಪಾರ್ಟ್‌ಮೆಂಟಿಗೆಲ್ಲ ಏನೋ ಒಂದು 'ಹೆರಿಟೇಜ್ ಎನ್‌ಕ್ಲೇವ್'. ಹೆರಿಟೇಜ್ ಲಾರಿಯಲ್ಲಿ ಹೋಯಿತು, ಹೆಸರು ಗೇಟಿನ ಮೇಲೆ ಉಳಿಯಿತು.

ಹಳೇ ಹೆಸರು ಗಟ್ಟಿಯಾಗಿ ಹಿಡಿದುಕೊಂಡಿರುವುದು ಇಲ್ಲಿನ 'ಒಂಟಿಕೊಪ್ಪಲ್ ಪಂಚಾಂಗ' ಒಂದೇ. 'ವಿ.ವಿ. ಮೊಹಲ್ಲಾ ಪಂಚಾಂಗ' ಅಂತ ಅಚ್ಚು ಹಾಕಿಸಿ ನೋಡೋಣ, ಯುಗಾದಿಗೆ ಒಬ್ಬರೂ ಕೊಳ್ಳಲ್ಲ. ರಾಹುಕಾಲವೇ ತಪ್ಪಿದೆ ಅಂತಾರೆ.

ಹೋದ ವಾರ ನಮ್ಮ ಅಡ್ಡರಸ್ತೆಗೂ ನಾಮಕರಣದ ಯೋಗ ಬಂತು. ಆಹ್ವಾನ ಪತ್ರಿಕೆ ಕೈಗಿತ್ತ ಹಿರಿಯರು, "ಒಂಟಿಕೊಪ್ಪಲ್ ಪಂಚಾಂಗ ನೋಡಿಯೇ ಮುಹೂರ್ತ ಇಡಿಸಿದೀವಿ, ಬರಬೇಕು" ಅಂದರು. ಪತ್ರಿಕೆ ತಿರುಗಿಸಿದೆ. ಹೊಸ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ಜನ ದಾರಿ ತಪ್ಪದಿರಲಿ ಅಂತ, ಸ್ಥಳ: ಒಂಟಿಕೊಪ್ಪಲು.